ಕೀಲಿ ಒತ್ತಿದರೆ ಸಾಕೆ?

ವಾರದ ಈ ಪುಟದಲ್ಲಿ ಕಾವ್ಯವನ್ನೋ ಕಾದಂಬರಿಯನ್ನೋ ಕುರಿತ ಮಾತನ್ನು ನಿರೀಕ್ಷಿಸುವ ವಾಚಕರು ನನ್ನನ್ನು ಮನ್ನಿಸಬೇಕು. ಇಂದು ನಾನು ಬರೆಯಹೊರಟಿರುವುದು ಗಣಕಯಂತ್ರದ ಮೂರು ಕೀಲಿಗಳನ್ನು ಕುರಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಗೋಕಾಕದಲ್ಲಿ ಸಂಧಿ ಸಮಾಸಗಳನ್ನು ಕಲಿಸಿ ನಿವೃತ್ತನಾದ ಮಾಸ್ತರನಿಗೆ ಈ ಇಳಿವಯಸ್ಸಿನಲ್ಲಿ ಇದೆಂಥ ವ್ಯಸನ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಇಷ್ಟೆ: ಇದೂ ವ್ಯಾಕರಣವೇ. ಹೇಳುವವನು ಒಂದು ಅರ್ಥದಲ್ಲಿ ಹೇಳಿ, ಕೇಳುವವನು ಇನ್ನೊಂದು ಅರ್ಥದಲ್ಲಿ ಗ್ರಹಿಸಿದರೆ ಏನು ಅನರ್ಥವಾಗುವುದೆಂಬುದನ್ನು ನಾನು ಜೀವಮಾನವೆಲ್ಲ ಹಲಗೆಯ ಮೇಲೆ ಬರೆದು ತೋರಿಸಿದ್ದೆ. ಅದರ ನಿಜವಾದ ರುಚಿ ತಿಳಿದದ್ದು ಮಾತ್ರ ಈಚೆಗೆ.

ಸಂಗತಿ ಹೀಗೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬರು ಮೂಡಲಗಿ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತಾರೆ. ಮೂಡಲಗಿ ಮೊನ್ನೆ ಮೊನ್ನೆಯವರೆಗೆ ನಮ್ಮ ಗೋಕಾಕ ತಾಲೂಕಿನದೇ ಭಾಗವಾಗಿತ್ತು. ಈಗ ಬೇರೆ ಸಂಸಾರ ಹೂಡಿದ ತಮ್ಮನಂತೆ ಸ್ವತಂತ್ರ ತಾಲೂಕಾಗಿದೆ. ಆ ಶಾಲೆಗೆ ಗೋಕಾಕದ ಕಡೆಯಿಂದಲೂ ಹುಕ್ಕೇರಿಯ ಕಡೆಯಿಂದಲೂ ನಂಟರ ಮನೆಯಲ್ಲಿ ಉಳಿದು ಓದುವ ಮಕ್ಕಳಿದ್ದಾರೆ. ಆ ಶಿಕ್ಷಕಿ ತಮ್ಮ ಮಕ್ಕಳಿಗೆ ಒಂದು ಒಳ್ಳೆಯ ಕೆಲಸ ಹಚ್ಚಿದರು: ಮನೆಯ ಹಿರಿಯರ ಬಾಯಿಂದ ಒಕ್ಕಲುತನದ ಮಾತುಗಳನ್ನು ಕೇಳಿ ಬರೆದುತರಬೇಕು. ಹಗೇವು, ಹಂತಿ, ಮೇಟಿ, ಜತ್ತಿಗೆ, ಮಿಣಿ, ಪೆಂಟಿ, ಕಾಕಂಬಿ—ಇಂಥವು. ನೆಲದೊಳಗೆ ಜೋಳ ತುಂಬಿಡುವ ಹಗೇವನ್ನು ಕಣ್ಣಾರೆ ಕಂಡ ಹುಡುಗರು ಇಂದು ಎಷ್ಟಿದ್ದಾರು? ವಸ್ತು ಹೋದ ಮೇಲೆ ಮಾತು ಒಂದು ತಲೆಮಾರು ಮಾತ್ರ ಉಳಿಯುತ್ತದೆ. ಆ ತಲೆಮಾರು ಈಗ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದೆ.

ಈ ಸೀಮೆಯ ಮಾತಿಗೆ ಸಾಹಿತ್ಯದಲ್ಲಿ ಎಂಥ ಬೆಲೆಯಿದೆಯೆಂಬುದನ್ನು ಈ ಪುಟದ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಆನಂದಕಂದರು ೧೯೦೦ರಲ್ಲಿ ಹುಟ್ಟಿದ್ದು ಬೆಟಗೇರಿಯಲ್ಲಿ. ಬಸವರಾಜ ಕಟ್ಟೀಮನಿಯವರು ೧೯೧೯ರಲ್ಲಿ ಹುಟ್ಟಿದ್ದು ಮಲಾಮರಡಿಯಲ್ಲಿ. ೨೦೧೦ನೆಯ ಸಾಲಿನ ಜ್ಞಾನಪೀಠವನ್ನು ಪಡೆದ ಚಂದ್ರಶೇಖರ ಕಂಬಾರರ ಘೋಡಗೇರಿ ಇರುವುದು ಹುಕ್ಕೇರಿ ತಾಲೂಕಿನಲ್ಲಿ. ಘಟಪ್ರಭೆಯ ದಂಡೆಯ ಆಡುಮಾತು ಇವರ ಕೈಯಲ್ಲಿ ಗ್ರಂಥಸ್ಥವಾಯಿತು. ಆದರೆ ಮೂವರು ಬರೆದದ್ದರಿಂದ ಮುನ್ನೂರು ಹಳ್ಳಿಗಳ ಮಾತು ಮುಗಿಯುವುದಿಲ್ಲ. ಆದ್ದರಿಂದ ಆ ಶಿಕ್ಷಕಿಯ ಉದ್ಯಮ ನನಗೆ ಹಿಡಿಸಿತು. ನೆರವಾಗುತ್ತೇನೆಂದು ನಾನಾಗಿಯೇ ಮುಂದೆ ಬಿದ್ದೆ. ಮುಂದಿನ ಅನಾಹುತಕ್ಕೆಲ್ಲ ಅದೇ ನಾಂದಿ.

ಶಾಲೆಯ ಐದು ಗಣಕಯಂತ್ರಗಳಲ್ಲಿ ಇರುವುದು ಲಿನಕ್ಸ್. ೧೯೯೧ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿ ಆರಂಭಿಸಿ, ಲೋಕದ ಸಾವಿರಾರು ಜನ ಕೂಡಿ ಬೆಳೆಸಿದ ವ್ಯವಸ್ಥೆಯಿದು. ಅದರ ಮೇಲೆ ಗ್ನೋಮ್ ಎಂಬ ಮೇಜು. ೧೯೯೭ರಲ್ಲಿ ಮೆಕ್ಸಿಕೋದ ಇಬ್ಬರು ತರುಣರಿಂದ ಆರಂಭವಾದದ್ದು. ಇದರಲ್ಲಿ ಒಂದು ಸೊಗಸಾದ ಅನುಕೂಲವಿದೆ. ನಮಗೆ ಬೇಕಾದ ಯಾವುದೇ ಆಜ್ಞೆಯನ್ನು ನಮಗೆ ಬೇಕಾದ ಕೀಲಿಗಳಿಗೆ ಕಟ್ಟಿಹಾಕಬಹುದು. ಕೀಲಿಮಣೆಯ ಸಿದ್ಧತಾಪುಟದಲ್ಲಿ ಮೂರು ಮನೆಗಳು: ಒಂದರಲ್ಲಿ ಹೆಸರು, ಒಂದರಲ್ಲಿ ಆಜ್ಞೆ, ಒಂದರಲ್ಲಿ ಕೀಲಿಗಳ ಕೂಟ. ಅಷ್ಟು ತುಂಬಿದರೆ ಮುಗಿಯಿತು. ಮುಂದೆ ಆ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗಲೆಲ್ಲ ಆ ಆಜ್ಞೆ ನಡೆಯತಕ್ಕದ್ದು.

ನಾನು ಹೂಡಿದ ಯುಕ್ತಿ ಇದು. ಮಕ್ಕಳು ಪದವನ್ನೂ ಅರ್ಥವನ್ನೂ ಕನ್ನಡದಲ್ಲಿ ಟೈಪು ಮಾಡುವುದು. ಆ ಸಾಲನ್ನು ಆಯ್ದು ಕಂಟ್ರೋಲ್, ಆಲ್ಟ್, ಪಿ ಎಂಬ ಮೂರು ಕೀಲಿಗಳನ್ನು ಒತ್ತುವುದು. ಆಗ ಆಯ್ದ ಸಾಲು ‘ಪದಗಳು’ ಎಂಬ ಕಡತದ ಕೊನೆಗೆ ಹೋಗಿ ಸೇರುವುದು. ಇದಕ್ಕೆ ಬೇಕಾದ ಆಜ್ಞೆಯನ್ನು ನಾನೇ ಬರೆದೆ. ಎಕ್ಸ್‌ಕ್ಲಿಪ್ ಎಂಬ ಚಿಕ್ಕ ಸಾಧನ ಆಯ್ದ ಪಾಠವನ್ನು ಹೊರಗೆ ತರುತ್ತದೆ. ಅದರ ಮುಂದೆ ಎರಡು ಬಾಣದ ಗುರುತು, ಅದರ ಮುಂದೆ ಅಲೆಗೆರೆಯಿಂದ ಆರಂಭವಾಗುವ ಕಡತದ ವಿಳಾಸ. ಅಲೆಗೆರೆಯೆಂದರೆ ‘ನನ್ನ ಮನೆ’ ಎಂದರ್ಥ. ಜೋಡಿ ಬಾಣವೆಂದರೆ ‘ಇದರ ಕೊನೆಗೆ ಸೇರಿಸು’ ಎಂದರ್ಥ. ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಬರೆದು ನೋಡಿದೆ. ಪದ ಕಡತಕ್ಕೆ ಹೋಗಿ ಕುಳಿತಿತು. ಅದನ್ನೇ ಅಕ್ಷರ ತಪ್ಪದೆ ಕೀಲಿಮಣೆಯ ಪುಟದಲ್ಲಿ ತುಂಬಿ, ಪರೀಕ್ಷೆಗೆಂದು ಮಾಡಿದ್ದ ಕಡತವನ್ನು ಅಳಿಸಿ, “ಇನ್ನು ನೀವು ಕಡತ ಉಳಿಸುವ ಚಿಂತೆಯನ್ನೇ ಮಾಡಬೇಡಿರಿ, ಕೀಲಿ ಒತ್ತಿದರೆ ಸಾಕು” ಎಂದು ಮಕ್ಕಳಿಗೆ ಅಭಯವಿತ್ತು, ಚಹಾ ಕುಡಿದು ಊರಿಗೆ ಬಂದೆ.

ಮೂರು ವಾರ ಮಕ್ಕಳು ಕೀಲಿ ಒತ್ತಿದರು. ಚೀಟಿಯಲ್ಲಿ ಬರೆದುತಂದವರು ಟೈಪು ಮಾಡಿದ ಮೇಲೆ ಚೀಟಿಯನ್ನು ಎಸೆದರು. ಯಂತ್ರ ಒಂದು ದಿನವೂ ತಕರಾರು ಮಾಡಲಿಲ್ಲ. ಮೂರನೆಯ ವಾರದ ಕೊನೆಗೆ ಶಿಕ್ಷಕಿ ಕಡತವನ್ನು ತೆರೆಯಹೋದರೆ ಕಡತವೇ ಇಲ್ಲ. ಐದು ಯಂತ್ರಗಳಲ್ಲಿಯೂ ಇಲ್ಲ.

ಆಗ ನಾವು ಮಾಡಿದ್ದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಮೊದಲು ಮಕ್ಕಳನ್ನು ಅನುಮಾನಿಸಿದೆವು. ಆಮೇಲೆ ಕೀಲಿಮಣೆಯನ್ನು ದೂರಿದೆವು. ಆಮೇಲೆ ಲಿನಕ್ಸನ್ನೇ ಹಳಿದೆವು. ಬಲ್ಲವರೆಂದು ಕರೆದ ಒಬ್ಬರು, “ಎಲ್ಲವನ್ನೂ ಅಳಿಸಿ ಹೊಸದಾಗಿ ಹೂಡಿದರೆ ಸರಿಹೋಗುತ್ತದೆ” ಎಂದರು. ನಾನು ತಲೆದೂಗಿದೆ. ಎರಡು ಯಂತ್ರಗಳನ್ನು ಅಳಿಸಿ ಹೊಸದಾಗಿ ಹೂಡಿದ್ದಾಯಿತು. ಅದೇ ಆಜ್ಞೆಯನ್ನು ತುಂಬಿ ಕೀಲಿ ಒತ್ತಿದ್ದಾಯಿತು. ಫಲ ಅದೇ ಶೂನ್ಯ. ರೋಗ ತಿಳಿಯುವ ಮೊದಲೇ ಕೊಟ್ಟ ಔಷಧದ ಫಲವನ್ನು ಮುಂದೆ ಹೇಳುತ್ತೇನೆ.

ಅಂದು ಸಂಜೆ ಆ ಶಿಕ್ಷಕಿ ಆಡಿದ ಒಂದು ಮಾತು ನನ್ನನ್ನು ದಾರಿಗೆ ತಂದಿತು. ಅವರ ತವರು ಹುಕ್ಕೇರಿಯ ಕಡೆ. ಹುಕ್ಕೇರಿಯಲ್ಲಿ ೧೯೬೯ರಿಂದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆಯಷ್ಟೆ. ದೀಪ ಹಚ್ಚುವವರೇ ಸಂಘದ ಸದಸ್ಯರು. “ಸರ್, ನಮ್ಮೂರಲ್ಲಿ ದೀಪ ಹೋದರೆ ಲೈನ್‌ಮನ್ ಮನೆಯ ತಂತಿಯನ್ನೆಲ್ಲ ಕಿತ್ತು ಹಾಕುವುದಿಲ್ಲ. ಪಕ್ಕದ ಮನೆಯಲ್ಲಿ ದೀಪ ಇದೆಯೇ ಎಂದು ಕೇಳುತ್ತಾನೆ. ಇದ್ದರೆ ಕೆಡುಕು ಮನೆಯೊಳಗೆ, ಇಲ್ಲದಿದ್ದರೆ ಕಂಬದಲ್ಲಿ. ಅಲ್ಲಿಂದ ಒಂದೊಂದೇ ಕಂಬ ನೋಡುತ್ತ ಹೋಗುತ್ತಾನೆ” ಎಂದರು. ಹಾದಿ ಇಷ್ಟು ನೇರವಾಗಿದ್ದಾಗ ನಾವು ಮುಳ್ಳುಕಂಟಿಯಲ್ಲಿ ಹೊಕ್ಕಿದ್ದೆವು.

ಮೊದಲನೆಯ ಕಂಬ: ಒತ್ತಿದ ಕೀಲಿ ಮುಟ್ಟಬೇಕಾದಲ್ಲಿ ಮುಟ್ಟುತ್ತಿದೆಯೇ? ನನ್ನ ಆಜ್ಞೆಯನ್ನು ತೆಗೆದು, ಅದರ ಜಾಗದಲ್ಲಿ ಲೆಕ್ಕದ ಯಂತ್ರವನ್ನು ತೆರೆಯುವ ಆಜ್ಞೆಯನ್ನು ಇಟ್ಟೆವು. ಅದೇ ಮೂರು ಕೀಲಿ ಒತ್ತಿದರೆ ಲೆಕ್ಕದ ಯಂತ್ರ ಕಣ್ಣೆದುರು ತೆರೆಯಿತು. ಅಂದರೆ ಕೀಲಿಯೂ ಸರಿ, ಕಟ್ಟಿದ ಗಂಟೂ ಸರಿ. ಆ ಕೂಟವನ್ನು ಬೇರೆ ಯಾರೂ ಮೊದಲೇ ಹಿಡಿದುಕೊಂಡಿಲ್ಲ. ಒಂದೇ ಪರೀಕ್ಷೆಯಿಂದ ಅರ್ಧ ಸಂದೇಹ ಹರಿಯಿತು.

ಎರಡನೆಯ ಕಂಬ: ಕನ್ನಡ. ಕೀಲಿಮಣೆಯ ವಿನ್ಯಾಸವನ್ನೇ ಕನ್ನಡಕ್ಕೆ ತಿರುಗಿಸಿದಾಗ ‘ಪಿ’ ಎಂಬ ಕೀಲಿ ರೋಮನ್ ಅಕ್ಷರವನ್ನು ಕೊಡುವ ಬದಲು ಕನ್ನಡ ಅಕ್ಷರವನ್ನು ಕೊಡುತ್ತದೆ. ರೋಮನ್ ಅಕ್ಷರದ ಹೆಸರಿನಲ್ಲಿ ಕಾದು ಕುಳಿತ ಆಜ್ಞೆ ಅದನ್ನು ಗುರುತಿಸದೆ ಹೋಗುವುದು ಕೆಲವು ಮೇಜುಗಳಲ್ಲಿ, ಕೆಲವು ತಂತ್ರಾಂಶಗಳಲ್ಲಿ ಉಂಟು. ಕನ್ನಡದಲ್ಲಿಟ್ಟು ಒತ್ತಿದೆವು, ಲೆಕ್ಕದ ಯಂತ್ರ ಆಗಲೂ ತೆರೆಯಿತು. ಕನ್ನಡವೂ ನಿರ್ದೋಷಿ. ನಮ್ಮವರಲ್ಲಿ ಯಂತ್ರ ಕೆಟ್ಟರೆ ಮೊದಲು ಕನ್ನಡವನ್ನು ತೆಗೆದುಹಾಕಿ ನೋಡುವ ಚಾಳಿಯಿದೆ. ಅದಕ್ಕಾಗಿ ಈ ಮಾತನ್ನು ವಿಶೇಷವಾಗಿ ದಾಖಲಿಸುತ್ತಿದ್ದೇನೆ.

ಮೂರನೆಯ ಕಂಬ: ಆಜ್ಞೆ. ಟರ್ಮಿನಲ್ಲಿನಲ್ಲಿ ಬರೆದರೆ ನಡೆಯುತ್ತದೆ, ಕೀಲಿಗೆ ಕಟ್ಟಿದರೆ ನಡೆಯುವುದಿಲ್ಲ. ಹಾಗಾದರೆ ಈ ಎರಡರ ನಡುವೆ ಏನು ಭೇದ? ಒಂದು ಭಾನುವಾರವಿಡೀ ಈ ಪ್ರಶ್ನೆಯನ್ನು ಹೊತ್ತು ತಿರುಗಿದ ಮೇಲೆ ಉತ್ತರ ಹೊಳೆಯಿತು. ಟರ್ಮಿನಲ್ಲಿನಲ್ಲಿ ನಾವು ಬರೆದದ್ದನ್ನು ಮೊದಲು ಓದುವವನು ಶೆಲ್ ಎಂಬ ದುಭಾಷಿ. ಜೋಡಿ ಬಾಣ, ಅಲೆಗೆರೆ, ಒಂದರ ಫಲವನ್ನು ಇನ್ನೊಂದಕ್ಕೆ ಉಣಿಸುವ ನೆಟ್ಟಗೆರೆ, ಇವೆಲ್ಲ ಆ ದುಭಾಷಿಯ ಮಾತುಗಳು. ಫಲವನ್ನು ಕಡತಕ್ಕೆ ತಿರುಗಿಸುವ ಬಾಣದ ಗುರುತು ೧೯೭೧ರಲ್ಲಿ ಬೆಲ್ ಪ್ರಯೋಗಶಾಲೆಯ ಕೆನ್ ಥಾಂಪ್ಸನ್ನರು ಬರೆದ ಶೆಲ್‌ನಲ್ಲೇ ಇತ್ತು. ಆದರೆ ಮೇಜಿನ ಕೀಲಿಪುಟ ಆಜ್ಞೆಯನ್ನು ಶೆಲ್‌ನ ಕೈಗೆ ಕೊಡುವುದಿಲ್ಲ. ಪದಪದವಾಗಿ ಬಿಡಿಸಿ ನೇರವಾಗಿ ಸಾಧನಕ್ಕೇ ಒಪ್ಪಿಸುತ್ತದೆ.

ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಇಳಿದ ಪ್ರಯಾಣಿಕ ಗಂಟನ್ನು ಅಪರಿಚಿತ ಹಮಾಲನ ತಲೆಗೆ ಹೊರಿಸಿ, “ನಮ್ಮ ಮನೆಗೆ ಮುಟ್ಟಿಸು” ಎಂದು ಹೇಳಿ ಹೊರಟುಹೋದರೆ ಏನಾದೀತು? ಹಮಾಲ ಪ್ರಾಮಾಣಿಕನೇ. ಆದರೆ ‘ನಮ್ಮ ಮನೆ’ ಎಂಬುದು ಯಾವುದೆಂದು ಅವನು ಬಲ್ಲನೇ? ಎಕ್ಸ್‌ಕ್ಲಿಪ್‌ನ ಗತಿ ಇದೇ ಆಯಿತು. ‘ಆಯ್ದ ಪಾಠವನ್ನು ಹೊರಗೆ ತಾ’ ಎಂಬಷ್ಟು ಅದಕ್ಕೆ ತಿಳಿಯಿತು. ಜೋಡಿ ಬಾಣವೂ ಅಲೆಗೆರೆಯ ವಿಳಾಸವೂ ಅದಕ್ಕೆ ಅರ್ಥವಿಲ್ಲದ ಬಾಲಗಳಾದವು. ತನ್ನ ಕೆಲಸವನ್ನು ತಾನು ಮಾಡಿ, ಪಾಠವನ್ನು ಹೊರಗೆ ಚೆಲ್ಲಿ, ‘ಎಲ್ಲ ಕ್ಷೇಮ’ ಎಂದು ವರದಿ ಒಪ್ಪಿಸಿ ಅದು ಮರಳಿತು. ತಪ್ಪೇ ನಡೆಯಲಿಲ್ಲವೆಂದ ಮೇಲೆ ದೂರು ಎಲ್ಲಿಂದ ಬರಬೇಕು?

ಪರಿಹಾರ ಒಂದೇ ಸಾಲಿನದು. ಆಜ್ಞೆಯ ಮನೆಯಲ್ಲಿ ಮೊದಲು ‘ಎಸ್‌ಎಚ್’ ಎಂದು ದುಭಾಷಿಯನ್ನು ಕರೆದು, ‘ಅಡ್ಡಗೆರೆ ಸಿ’ ಎಂಬ ಸೂಚನೆಯಿತ್ತು, ಇಡೀ ಹಳೆಯ ಆಜ್ಞೆಯನ್ನು ಒಂಟಿ ಉದ್ಧರಣ ಚಿಹ್ನೆಗಳೊಳಗೆ ಇಡುವುದು. ಹಾಗೆ ಇಟ್ಟು ಕೀಲಿ ಒತ್ತಿದೆವು, ಕಡತ ಹುಟ್ಟಿತು. ಪದಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಸಾಲು ಮುರಿಯುವ ಇನ್ನೊಂದು ಆಜ್ಞೆಯನ್ನು ಜೊತೆಗೆ ಸೇರಿಸಿದ ಮೇಲೆ ಅದೂ ನೇರ್ಪಟ್ಟಿತು.

ಇದೇ ದಾರಿಯಲ್ಲಿ ನಡೆಯುವ ಶಿಕ್ಷಕ ಬಂಧುಗಳಿಗೆ ಉಪಯೋಗವಾದೀತೆಂದು ಇನ್ನೆರಡು ಮಾತು. ಟರ್ಮಿನಲ್ಲಿನಲ್ಲಿ ನಾವು ಇಟ್ಟುಕೊಂಡ ಆಜ್ಞೆಯ ಅಡ್ಡಹೆಸರುಗಳು ಕೀಲಿಪುಟಕ್ಕೆ ತಿಳಿಯುವುದಿಲ್ಲ. ಅಲ್ಲಿ ಪೂರ್ಣ ಹೆಸರನ್ನೂ ಪೂರ್ಣ ಮಾರ್ಗವನ್ನೂ ಬರೆಯುವುದು ಕ್ಷೇಮ. ಆಜ್ಞೆಗಳನ್ನು ಒಂದು ಲಿಪಿಕಡತದಲ್ಲಿ ಬರೆದಿಟ್ಟಿದ್ದರೆ ಅದಕ್ಕೆ ನಡೆಯುವ ಅನುಮತಿ ಕೊಟ್ಟಿದ್ದೇವೆಯೇ, ಅದರ ಮೊದಲ ಸಾಲಿನಲ್ಲಿ ದುಭಾಷಿಯ ಹೆಸರಿದೆಯೇ ಎಂದು ನೋಡಬೇಕು. ಕಂಟ್ರೋಲ್, ಆಲ್ಟ್, ಟಿ ಎಂಬಂಥ ಕೂಟಗಳು ಅನೇಕ ಯಂತ್ರಗಳಲ್ಲಿ ಮೊದಲೇ ಬೇರೆ ಕೆಲಸಕ್ಕೆ ನೇಮಕವಾಗಿರುತ್ತವೆ. ಅವುಗಳ ಗೋಜಿಗೆ ಹೋಗಬಾರದು. ಈಚಿನ ಲಿನಕ್ಸ್‌ಗಳಲ್ಲಿ ವೇಲ್ಯಾಂಡ್ ಎಂಬ ಹೊಸ ಪ್ರದರ್ಶನ ಪದ್ಧತಿ ಬಂದಿದೆ. ಹಳೆಯ ಪದ್ಧತಿಗೆಂದು ಮಾಡಿದ ಕೆಲವು ಸಾಧನಗಳು ಅದರಲ್ಲಿ ಮೊದಲಿನಂತೆ ನಡೆಯವು. ನಮ್ಮ ಶಾಲೆಯಲ್ಲಿದ್ದದ್ದು ಹಳೆಯ ಪದ್ಧತಿಯಾದ್ದರಿಂದ ಆ ತೊಡಕು ನಮಗೆ ಬರಲಿಲ್ಲ.

ಇನ್ನು ಕಥೆಯ ಉಳಿದ ಭಾಗ. ಎಕ್ಸ್‌ಕ್ಲಿಪ್ ಪಾಠವನ್ನು ಹೊರಗೆ ಚೆಲ್ಲಿತೆಂದೆನಲ್ಲ, ಹಾಗೆ ಚೆಲ್ಲಿದ್ದು ಎಲ್ಲಿಗೆ ಹೋಯಿತು? ಈ ಪ್ರಶ್ನೆ ನನಗೆ ಹೊಳೆದದ್ದಲ್ಲ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ್ದು. ಹುಡುಕಿದೆವು. ಲಿನಕ್ಸ್ ಒಂದು ದಿನಚರಿಯನ್ನು ಇಟ್ಟಿರುತ್ತದೆ. ಮರೆಯಲ್ಲಿ ನಡೆಯುವ ಆಜ್ಞೆಗಳು ಆಡಿದ ಮಾತನ್ನು ಅದರಲ್ಲಿ ವೇಳೆಯೊಡನೆ ಬರೆದಿಡುತ್ತದೆ. ‘ಜರ್ನಲ್‌ಸಿಟಿಎಲ್’ ಎಂಬ ಆಜ್ಞೆಯಿಂದ ಅದನ್ನು ಓದಬಹುದು. ತೆರೆದು ನೋಡಿದರೆ, ಯಂತ್ರದ ನೂರಾರು ಇಂಗ್ಲಿಷ್ ವಾಕ್ಯಗಳ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ ಸಾಲು: ಹಗೇವು, ಮೇಟಿ, ಜತ್ತಿಗೆ! ಮಕ್ಕಳು ಒಟ್ಟಾಗಿ ಹೋ ಎಂದರು. ನನ್ನ ಕಣ್ಣು ತೇವವಾಯಿತೆಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ಮೂಕವೆಂದು ನಾನು ಬೈದ ಯಂತ್ರ ಮೂರು ವಾರ ಮಾತನಾಡಿತ್ತು. ನಾವು ಯಾರೂ ಕುಳಿತಿರದ ಕೋಣೆಯಲ್ಲಿ ಮಾತನಾಡಿತ್ತು.

ಆದರೆ ದಿನಚರಿ ಉಳಿದಿದ್ದುದು ಮೂರು ಯಂತ್ರಗಳಲ್ಲಿ. ಉಳಿದೆರಡನ್ನು ನಾವೇ, ನನ್ನ ತಲೆದೂಗುವಿಕೆಯಿಂದಲೇ, ಅಳಿಸಿ ಹೊಸದಾಗಿ ಹೂಡಿದ್ದೆವು. ಆ ಎರಡರಲ್ಲಿ ಒಂದರ ಮೇಲೆ ಹುಕ್ಕೇರಿಯ ಕಡೆಯ ಒಬ್ಬ ಹುಡುಗಿ ತನ್ನ ಅಜ್ಜಿ ಹೇಳಿದ ಗಾಣದ ಮಾತುಗಳನ್ನು ಟೈಪು ಮಾಡಿದ್ದಳು. ಕಬ್ಬು ಅರೆಯುವುದರಿಂದ ಹಿಡಿದು ಬೆಲ್ಲ ಪೆಂಟಿಯಾಗುವವರೆಗೆ. ಅವಳು ರಜೆಯಲ್ಲಿ ಮತ್ತೆ ಹೋಗಿ ಕೇಳಿದಳು. ಅಜ್ಜಿ ಬೇಸರಿಸದೆ ಹೇಳಿದಳಂತೆ. ಆದರೆ ಮೊದಲ ಸಲ ಯಾವುದೋ ಹಳೆಯ ಸುಗ್ಗಿಯ ನೆನಪಿನ ಲಹರಿಯಲ್ಲಿ ಬಂದ ಮಾತುಗಳು ಎರಡನೆಯ ಸಲ ಎಲ್ಲವೂ ಬರಲಿಲ್ಲ. “ಪಾಕ ಹದಕ್ಕೆ ಬರುವುದನ್ನು ಹೇಳುವ ಒಂದು ಮಾತಿತ್ತು ಸರ್, ಅಜ್ಜಿಗೂ ನೆನಪಾಗಲಿಲ್ಲ, ನನಗೂ ಇಲ್ಲ” ಎಂದು ಆ ಹುಡುಗಿ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ನಿಘಂಟುಗಳನ್ನು ಮಗುಚಿ ನೋಡಿದೆ. ಹುಡುಕಬೇಕಾದ ಪದವೇ ತಿಳಿಯದಿದ್ದರೆ ನಿಘಂಟು ಏನು ಮಾಡೀತು?

ಈ ಪ್ರಸಂಗದಿಂದ ನಾನು ತಳೆದಿರುವ ಅಭಿಪ್ರಾಯವನ್ನು ವಿಚಾರವಂತರ ಮುಂದಿಡುತ್ತೇನೆ. ಮೊದಲನೆಯದಾಗಿ, ಯಂತ್ರವನ್ನು ನಿರ್ಮಿಸುವವರ ಹೊಣೆ. ಕೀಲಿಪುಟದಲ್ಲಿ ಜೋಡಿ ಬಾಣವನ್ನು ಬರೆದಾಗಲೇ ‘ಇದು ಇಲ್ಲಿ ನಡೆಯದು’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಎಚ್ಚರಿಕೆಯೆಂಬುದು ಕೆಲಸ ನಡೆಯುವ ಜಾಗದಲ್ಲಿ, ಕೆಲಸ ಮಾಡುವವನ ಭಾಷೆಯಲ್ಲಿ ಇರಬೇಕು. ಗ್ನೋಮ್ ಮೇಜಿನ ಅನೇಕ ಪದಗಳನ್ನು ಸ್ವಯಂಸೇವಕರು ಕನ್ನಡಕ್ಕೆ ತಂದಿದ್ದಾರೆ. ಅವರಿಗೆ ನಾವು ಋಣಿಗಳು. ಆದರೆ ಗುಂಡಿಯ ಮೇಲಿನ ಹೆಸರು ಕನ್ನಡವಾದರೆ ಸಾಲದು, ಗುಂಡಿ ಕೆಟ್ಟಾಗ ಆಡುವ ಮಾತೂ ಕನ್ನಡವಾಗಬೇಕು.

ಈ ಕೆಲಸ ನಮ್ಮಿಂದ ಆಗದೆಂದು ಕೈಚೆಲ್ಲುವವರಿಗೆ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಲಿನಕ್ಸಿನ ಕೀಲಿವಿನ್ಯಾಸಗಳ ಪಟ್ಟಿಯನ್ನು ತೆರೆದು ನೋಡಿರಿ. ಅಲ್ಲಿ ‘ಕಗಪ’ ಎಂಬ ಹೆಸರಿದೆ. ಅದು ನಮ್ಮ ಕನ್ನಡ ಗಣಕ ಪರಿಷತ್ತಿನ ಹೆಸರಿನ ಮೂರಕ್ಷರ. ಆ ಹೆಸರಿನ ಧ್ವನ್ಯನುಸಾರಿ ವಿನ್ಯಾಸ ಕನ್ನಡಕ್ಕೆ ಮಾತ್ರವಲ್ಲ, ಮರಾಠಿಗೂ ಹಿಂದಿಗೂ ಸಂಸ್ಕೃತಕ್ಕೂ ತೆಲುಗಿಗೂ ಅದೇ ಪಟ್ಟಿಯಲ್ಲಿ ದೊರೆಯುತ್ತದೆ. ಗಡಿಜಿಲ್ಲೆಯವನಾದ ನನಗೆ ಇದು ಸಣ್ಣ ಸಂತೋಷವಲ್ಲ. ಹುಕ್ಕೇರಿಯ ದೀಪದಂತೆ ಇದೂ ಸಹಕಾರದ ಸೊತ್ತು, ಬಳಸುವವನೇ ಸದಸ್ಯ. ಕೆಟ್ಟದ್ದನ್ನು ಕೆಟ್ಟಿದೆಯೆಂದು ಕ್ರಮವಾಗಿ ಬರೆದು ತಿಳಿಸುವುದು, ಒಂದು ವಾಕ್ಯವನ್ನಾದರೂ ಕನ್ನಡಿಸುವುದು ಸದಸ್ಯನಾದವನ ಕರ್ತವ್ಯ.

ಎರಡನೆಯದಾಗಿ, ನಮ್ಮ ಶಾಲೆಗಳ ಹೊಣೆ. ಗಣಕಯಂತ್ರದ ಪಾಠವೆಂದರೆ ಯಾವ ಕೀಲಿ ಒತ್ತಿದರೆ ಏನಾಗುವುದೆಂಬ ಕಂಠಪಾಠವೆಂದು ನಾವು ತಿಳಿದಿದ್ದೇವೆ. ಒತ್ತಿದಾಗ ಆಗಬೇಕಾದದ್ದು ಆಗದಿದ್ದರೆ ಹೇಗೆ ಹುಡುಕಬೇಕು, ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಮುಟ್ಟದೆ ಕಾಯ್ದಿರಿಸಬೇಕು—ಇದನ್ನು ಕಲಿಸುವವರಿಲ್ಲ. ಪಾಠ ಕೆಟ್ಟ ಹಸ್ತಪ್ರತಿಯನ್ನು ಸಂಪಾದಕ ಹರಿದೊಗೆಯುವುದಿಲ್ಲ. ತಪ್ಪಿನ ಜಾಡನ್ನೇ ಹಿಡಿದು ಮೂಲಕ್ಕೆ ಹೋಗುತ್ತಾನೆ. ಅಳಿಸುವ ಮೊದಲು ಓದು ಎಂಬ ಈ ವಿವೇಕ ಸಾಹಿತ್ಯದ ವಿದ್ಯಾರ್ಥಿಗೆ ಸಹಜವಾಗಿರಬೇಕಿತ್ತು. ನನಗೇ ಅದು ವೇಳೆಗೆ ಒದಗಲಿಲ್ಲ.

ಮೂರನೆಯದು ನನ್ನದೇ ಹೊಣೆ. “ಕೀಲಿ ಒತ್ತಿದರೆ ಸಾಕು” ಎಂದವನು ನಾನು. ಮೂರು ವಾರದಲ್ಲಿ ಒಂದು ದಿನ ಕಡತವನ್ನು ತೆರೆದು ನೋಡಿದ್ದರೆ ಮೊದಲ ದಿನದ ನಷ್ಟಕ್ಕೇ ಎಲ್ಲವೂ ನಿಲ್ಲುತ್ತಿತ್ತು. ಬಿತ್ತಿದವನು ಮೊಳಕೆಯನ್ನು ನೋಡಲು ಹೊಲಕ್ಕೆ ಹೋಗುತ್ತಾನೆ. ಪತ್ರ ಬರೆದವನು ಮರುಟಪಾಲಿಗೆ ಕಾಯುತ್ತಾನೆ. ಯಂತ್ರದ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಇಂಥ ಮುಗ್ಧ ಭಕ್ತಿ ಏಕೋ ತಿಳಿಯದು.

ಈಗ ಆ ಶಾಲೆಯಲ್ಲಿ ಒಂದು ಹೊಸ ಪದ್ಧತಿ ಬಂದಿದೆ. ಕೀಲಿಗಳು ಅವೇ, ಕಡತವೂ ಅದೇ. ಆದರೆ ಪ್ರತಿ ಶನಿವಾರ ಕೊನೆಯ ತಾಸಿನಲ್ಲಿ ಒಬ್ಬ ವಿದ್ಯಾರ್ಥಿ ಕಡತವನ್ನು ತೆರೆದು, ಆ ವಾರ ಬಂದ ಪದಗಳನ್ನು ಗಟ್ಟಿಯಾಗಿ ಓದುತ್ತಾನೆ. ತಾನು ತಂದ ಪದ ಕೇಳಿಬರದಿದ್ದರೆ ತಂದವನು ಎದ್ದು ನಿಂತು ಹೇಳಬೇಕು. ಮಕ್ಕಳು ಚೀಟಿಗಳನ್ನು ಎಸೆಯುವುದನ್ನು ಬಿಟ್ಟಿದ್ದಾರೆ. ಕಳೆದ ಶನಿವಾರ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ಹುಕ್ಕೇರಿಯ ಆ ಹುಡುಗಿ ಗಾಣದ ಮಾತುಗಳನ್ನು ಒಂದೊಂದಾಗಿ ಓದಿದಳು. ಪಾಕದ ಹದವನ್ನು ಹೇಳುವ ಜಾಗಕ್ಕೆ ಬಂದಾಗ ಅರೆಗಳಿಗೆ ನಿಂತಳು. ಆ ಸಾಲನ್ನು ಅವಳು ಖಾಲಿಯಾಗಿಯೇ ಇಟ್ಟುಕೊಂಡಿದ್ದಾಳೆ. ಗಾಣ ನಡೆಸಿದ ಹಿರಿಯರು ಮನೆಯಲ್ಲಿರುವ ವಾಚಕರು ಒಮ್ಮೆ ಕೇಳಿ ನೋಡಿಯಾರೇ?